ಕೋಟಿನೊಳಗೆ ಹೋದ ಕೈ

ನನ್ನ ಮಗ ನುನ್ಸಿಯೊ ಸತ್ತು ಆರು ತಿಂಗಳಾಗಿತ್ತು. ಈಸ್ಟರಿಗೆ, ಅಂದರೆ ನಮ್ಮ ಪಾಸ್ಕ ಹಬ್ಬಕ್ಕೆ, ಮುಂಚಿನ ಉಪವಾಸದ ತಪಸ್ಸುಕಾಲ; ಅದರ ಎರಡನೆಯ ವಾರ. ಹಣ್ಣಿನಂಗಡಿಯ ಬಾರ್ತೊಲೊ ಪಾಸ್ಕ ಹಬ್ಬಕ್ಕೆಂದು ಹೊಲಿಸುತ್ತಿದ್ದ ವೇಸ್ಟ್‌ಕೋಟನ್ನು ತೊಟ್ಟು ನೋಡಲು ನನ್ನ ಅಂಗಡಿಗೆ ಬಂದವನು, ನುನ್ಸಿಯೊನನ್ನು ಸಿನಿಮಾದಲ್ಲಿ ತೋರಿಸುತ್ತಿದ್ದಾರೆ ಎಂದು ಹೇಳಿದ.

"ಯಾರನ್ನ?" ಎಂದೆ. ನನ್ನ ಬಾಯಲ್ಲಿ ಗುಂಡುಸೂಜಿಗಳಿದ್ದವು.

"ನಿಮ್ಮ ನುನ್ಸಿಯೊನ್ನ, ಮೇಸ್ತ್ರಿ. ಹೆಸರು ಬೇರೆ ಇಟ್ಟಿದಾರೆ. ಮುಖಾನೂ ಬೇರೆ. ಆದ್ರೆ ಅವನೇ."

"ಹೆಸರೂ ಬೇರೆ, ಮುಖಾನೂ ಬೇರೆ ಅಂದ್ಮೇಲೆ ಅವನದು ಅಂತ ಉಳಿದದ್ದೇನು?" ಎಂದು ನನ್ನ ತಂಗಿ ನಿಂಫ ಕೇಳಿದಳು. ಗಂಡ ಸತ್ತ ಮೇಲೆ ಅವಳು ನನ್ನ ಜೊತೆಯಲ್ಲೇ ಇದ್ದಾಳೆ. ಗುಂಡಿ, ಕಾಜದ ಕೆಲಸ ಅವಳದು.

"ಉಳಿದದ್ದೆಲ್ಲಾ ಅವನದೇ, ಅಕ್ಕ. ಮೊದಲು ಹರಕು ಟೋಪಿ. ಆಮೇಲೆ ಲಾಂಡ್ರಿಗಳಿಗೆಲ್ಲ ಹೋಗಿ, 'ನಮ್ಮ ಸಂಘಕ್ಕೆ ಸೇರಿ, ಇಲ್ಲಾಂದ್ರೆ ನಿಮ್ಮ ಬಟ್ಟೆ ತೊಟ್ಟಿಗೆ ಆಸಿಡ್ ಬಿದ್ದೀತು' ಅನ್ನೋದು. ಆಮೇಲೆ ದೊಡ್ಡ ಕಾರು, ಬಿಳೀ ಟೋಪಿ. ಕೊನೆಗೆ ಹಾಡುಹಗಲಲ್ಲಿ ಬೀದೀಲಿ ಬಿದ್ದು ಸಾಯೋದು. ಕೈ ಕೋಟಿನೊಳಗೆ. ನಾನು ನೋಡಿದ್ದು ಹ್ಯಾಗೋ ಹಾಗೇ ಇದೆ."

"ಅವರಿಗೆ ಹೇಗೆ ಗೊತ್ತಾಯ್ತು?"

"ನಾನೇ ಹೇಳಿದ್ದಲ್ವಾ? ಅಕ್ಟೋಬರಿನಲ್ಲಿ ಇಬ್ಬರು ಬಂದಿದ್ದರು, ನೋಟ್‌ಪುಸ್ತಕ ಹಿಡಕೊಂಡು. ಎಲ್ಲಿ ಬಿದ್ದ, ಹ್ಯಾಗೆ ಬಿದ್ದ, ಎಲ್ಲಾ ಕೇಳಿದರು. ನನ್ನ ಪೇರಳೆಹಣ್ಣು ತಿಂದುಕೊಂಡೇ ಬರಕೊಂಡರು. ಸಿನಿಮಾದವರೇ."

"ನೀರಿನ ಮೀಟರಿನವರೂ ನೋಟ್‌ಪುಸ್ತಕ ಹಿಡಕೊಂಡೇ ಬರ್ತಾರೆ" ಎಂದಳು ನಿಂಫ.

ಬಾರ್ತೊಲೊ ಕನ್ನಡಿಯ ಕಡೆ ತಿರುಗಿದ. ಕನ್ನಡಿಗೆ ಕಪ್ಪು ಬಟ್ಟೆ ಮುಚ್ಚಿತ್ತು. "ಇದನ್ನ ಯಾವಾಗ ತೆಗೀತೀರಿ ಮೇಸ್ತ್ರಿ? ಬೆನ್ನ ಹಿಂದೆ ಹ್ಯಾಗೆ ಕೂತಿದೆ ಅಂತ ನಿಮ್ಮನ್ನ ಕೇಳಿ ತಿಳಕೋಬೇಕಾ?" ಎಂದು ಗೊಣಗಿದ. ಉತ್ತರ ಅವನಿಗೂ ಗೊತ್ತಿತ್ತು.

ಮನೆಯಲ್ಲಿ ಸಾವಾದರೆ ನಾವು ಕನ್ನಡಿಯನ್ನು ಮುಚ್ಚುತ್ತೇವೆ. ಚರ್ಚಿನಲ್ಲಿ ಪ್ರಾರ್ಥನೆ ಮುಗಿದು, ಮಣ್ಣು ಮಾಡಿ ಬಂದ ಮೇಲೆ ತೆಗೆಯುತ್ತೇವೆ. ನುನ್ಸಿಯೊನಿಗೆ ಸ್ಮಶಾನದ ಬೇಲಿಯಾಚೆ ಮಣ್ಣು ಮಾಡಿದ್ದಾಯಿತು, ಪ್ರಾರ್ಥನೆ ಆಗಲಿಲ್ಲ. ಹಾಗಾಗಿ ಬಟ್ಟೆ ಅಲ್ಲೇ ಉಳಿಯಿತು. ನಾನು ನಲವತ್ತು ವರ್ಷ, ಬಿಟ್ಟುಬಂದ ಪಲೆರ್ಮೊದಲ್ಲಿಯೂ ಇಲ್ಲಿ ಶಿಕಾಗೋದಲ್ಲಿಯೂ, ಗಿರಾಕಿಗಳ ಬೆನ್ನ ಹಿಂದೆ ನಿಂತು ಅವರನ್ನು ಕನ್ನಡಿಯಲ್ಲೇ ನೋಡಿದವನು. ಕನ್ನಡಿಯಿಲ್ಲದೆ ಆರು ತಿಂಗಳಿಂದ ಕುರುಡನಂತೆ ಕೆಲಸ ಮಾಡುತ್ತಿದ್ದೆ.

ಪ್ರಾರ್ಥನೆ ಏಕೆ ಆಗಲಿಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ನನ್ನ ಮಗ ಊರಿಗೆ ಗೊತ್ತಿದ್ದ ಪಾಪಿ. ಹಾಗಿದ್ದವನು ಸಾಯುವಾಗ ಪಶ್ಚಾತ್ತಾಪದ ಗುರುತೇನಾದರೂ ತೋರಿಸಿದ್ದರೆ ಚರ್ಚು ಅವನನ್ನು ಕೈಬಿಡುವುದಿಲ್ಲ. ಶಿಲುಬೆಯನ್ನು ಮುಟ್ಟಿದರೂ ಸಾಕು, ದೇವಮಾತೆಯ ಹೆಸರು ಹೇಳಿದರೂ ಸಾಕು. ನಮ್ಮ ಪಾದ್ರಿ ಇಲಾರಿಯೊ ಸ್ವಾಮಿಗಳು ಆ ದಿನವೇ ಬಂದು ಕೇಳಿದ್ದರು: "ಗಾಸ್ಪರೆಯವರೇ, ಗುರುತು ಏನಾದರೂ ಇತ್ತಾ?" ಬಾರ್ತೊಲೊ ಆಗಲೇ ಬೀದಿಗೆಲ್ಲ ಹೇಳಿಬಿಟ್ಟಿದ್ದ. ಕಾರಿನಿಂದ ಇಬ್ಬರು ಇಳಿದರು, ನುನ್ಸಿಯೊ ಕೋಟಿನೊಳಗೆ ಕೈ ಹಾಕಿದ, ಅವರು ಗುಂಡು ಹಾರಿಸಿದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿ, "ಇಲ್ಲ ಸ್ವಾಮಿ. ಪಿಸ್ತೂಲಿಗೆ ಕೈ ಹಾಕಿದ" ಎಂದುಬಿಟ್ಟೆ. ಬೇರೆ ಯಾರೂ ಅಲ್ಲ, ನಾನೇ ಹೇಳಿದ್ದು.

ಹೇಳಲು ನನಗೆ ಕಾರಣವಿತ್ತು. ಆ ಕೋಟನ್ನು ಹೊಲಿದವನು ನಾನು. ಎಡ ಎದೆಯ ಒಳಗೆ ಮೆತ್ತನೆಯ ಚರ್ಮದ ಜೇಬು ಬೇಕು ಎಂದಿದ್ದ. ಅಳತೆಯನ್ನು ಬೆರಳಿನಲ್ಲಿ ತೋರಿಸಿದ. ಯಾತಕ್ಕೆ ಎಂದು ನಾನು ಕೇಳಲಿಲ್ಲ, ಹೊಲಿದುಕೊಟ್ಟೆ. ದೇವರ ಮುಂದೆ ಅದು ನನ್ನ ಪಾಪ, ಪಾಪನಿವೇದನೆಯಲ್ಲಿ ಹೇಳಿದ್ದೇನೆ. ಆದರೆ ಅದೇ ಕೋಟಿನ ಬಲ ಎದೆಯ ಒಳಗೆ, ಅಸ್ತರಿನ ಕೆಳಗೆ, ಕಾರ್ಮೆಲ್ ಮಾತೆಯ ಚಿತ್ರವಿದ್ದ ಕಂದು ಉಣ್ಣೆಯ ಚೂರೊಂದನ್ನೂ ಹೊಲಿದಿದ್ದೆ. ಅದನ್ನು ಮೈಮೇಲೆ ಧರಿಸಿ ಸತ್ತವನಿಗೆ ನರಕದ ಬೆಂಕಿ ತಾಕುವುದಿಲ್ಲವೆಂದು ನನ್ನ ತಾಯಿ ಹೇಳುತ್ತಿದ್ದಳು. ನುನ್ಸಿಯೊನಿಗೆ ತೋರಿಸಿಯೇ ಹೊಲಿದೆ. ಅವನು ನಕ್ಕು, "ಎರಡೂ ಕಡೆ ಕಾವಲು ಹಾಕಿಬಿಟ್ಟೆ ಅಪ್ಪಾ" ಎಂದಿದ್ದ.

ಎಡಗಡೆ ಪಿಸ್ತೂಲು, ಬಲಗಡೆ ಮಾತೆ. ಬಲಗೈ ಹೋಗಿದ್ದರೆ ಪಿಸ್ತೂಲಿಗೆ, ಎಡಗೈ ಹೋಗಿದ್ದರೆ ಮಾತೆಗೆ. ಇದು ನನಗೆ ಹೊಳೆದದ್ದು ಎಲ್ಲ ಮುಗಿದು ಎಷ್ಟೋ ದಿನಗಳಾದ ಮೇಲೆ. ಬಾರ್ತೊಲೊನನ್ನು ಕೇಳಿದರೆ ಒಂದು ದಿನ ಬಲಗೈ ಎನ್ನುತ್ತಾನೆ, ಒಂದು ದಿನ ಎಡಗೈ ಎನ್ನುತ್ತಾನೆ, ಮೂರನೆಯ ದಿನ "ನಾನು ಕಿತ್ತಳೆ ಬುಟ್ಟಿ ಹಿಂದೆ ಅವಿತಿದ್ದೆ ಮೇಸ್ತ್ರಿ" ಎನ್ನುತ್ತಾನೆ. ಕೋಟನ್ನು ಪೊಲೀಸರು ಕಂದು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟಿದ್ದರು. ಅದನ್ನು ಬಿಚ್ಚಲು ನನಗೆ ಧೈರ್ಯವಾಗಲಿಲ್ಲ. ಕತ್ತರಿಸುವ ಮೇಜಿನ ಕೆಳಗೆ ಇಟ್ಟಿದ್ದೆ. ನನ್ನ ಕಾಲು ದಿನವೂ ಅದಕ್ಕೆ ತಗಲುತ್ತಿತ್ತು.

ಬಾರ್ತೊಲೊ ಹೋದ ಮೇಲೆ ನಿಂಫಳಿಗೆ, "ನಾನು ಆ ಸಿನಿಮಾ ನೋಡಬೇಕು" ಎಂದೆ.

"ತಪಸ್ಸುಕಾಲದಲ್ಲಿ ಮಾಂಸ ಬಿಟ್ಟು ಸಿನಿಮಾ ಹಿಡೀತೀಯಾ ಅಣ್ಣ?"

"ಅವನು ಯಾವ ಕೈ ಹಾಕಿದ ಅಂತ ಅವರಿಗೆ ಗೊತ್ತಿರಬಹುದು."

ಅವಳು ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು ಶಾಲು ಹೊದ್ದುಕೊಂಡಳು.

ಮಧ್ಯಾಹ್ನದ ಆಟ. ಹಾಲ್‌ಸ್ಟೆಡ್ ಬೀದಿಯ ಥಿಯೇಟರಿನಲ್ಲಿ ಕೆಲಸ ಕಳೆದುಕೊಂಡ ಗಂಡಸರೇ ಹೆಚ್ಚಾಗಿ ಕುಳಿತಿದ್ದರು. ದೀಪಗಳು ಆರಿ ಮುಂದಿನ ದೊಡ್ಡ ಚೌಕ ಬೆಳಗಿತು. ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಅಲ್ಲಿ ಆಡುತ್ತಿದ್ದ ಇಂಗ್ಲಿಷು ನನಗೆ ಅರ್ಥವಾಗಲಿಲ್ಲ. ಮಿಠಾಯಿ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಇದ್ದ ನಿಂಫ ನನಗೆ ಹೇಳುತ್ತಾ ಹೋದಳು.

"ಈಗ ಏನಂದ?"

"ಅವಳನ್ನ ಮದುವೆ ಆಗ್ತೀನಿ ಅಂದ."

ಪರದೆಯ ಮೇಲಿನವನು ಆ ಹುಡುಗಿಯ ಕೆನ್ನೆಗೆ ಹೊಡೆದ.

"ಆಗಲ್ಲ ಅಂದಿದ್ನೋ ಏನೋ" ಎಂದಳು.

ಹಿಂದಿನ ಸಾಲಿನಿಂದ ಯಾರೋ, "ಅಜ್ಜೀ, ಪಿಕ್ಚರು ನೀನೇ ಬರೆದಿದ್ದಾ?" ಎಂದರು. "ನಾನು ಬರೆದಿದ್ದರೆ ನಿನ್ನಂಥೋರನ್ನ ಮೊದಲನೇ ಸೀನಿನಲ್ಲೇ ಸಾಯಿಸ್ತಿದ್ದೆ" ಎಂದು ನಿಂಫ ತಿರುಗಿ ಹೇಳಿದಳು.

ಮಾತು ತಿಳಿಯದಿದ್ದರೂ ಬಟ್ಟೆ ತಿಳಿಯುತ್ತಿತ್ತು. ಲೂಯಿ ಎಂಬ ಆ ನಾಯಕ ಮೊದಲು ಮೊಣಕೈ ಹರಿದ ಕೋಟಿನಲ್ಲಿ ಬಂದ. ಆಮೇಲೆ ಸಿದ್ಧ ಉಡುಪಿನಂಗಡಿಯ ಗೀಟುಗೀಟಿನ ಸೂಟು, ಭುಜದಲ್ಲಿ ಸುಕ್ಕಿತ್ತು. ಅದಾದ ಮೇಲೆ ಒಬ್ಬ ದರ್ಜಿ ಮೊಣಕಾಲೂರಿ ಅವನ ಪ್ಯಾಂಟಿನ ಅಂಚು ಅಳೆದ. ನುನ್ಸಿಯೊ ಹೀಗೆಯೇ ಏರಿದ. ಹದಿನೆಂಟರಲ್ಲಿ ನಾನು ಹೊಲಿದದ್ದನ್ನು ತೊಡುತ್ತಿದ್ದ, ಇಪ್ಪತ್ತರಲ್ಲಿ ಬೇರೆಯವರು ಹೊಲಿದದ್ದನ್ನು ತೊಟ್ಟ, ಇಪ್ಪತ್ತನಾಲ್ಕರಲ್ಲಿ ಕಾರಿನಿಂದ ಇಳಿದು ಬಂದು, "ಅಪ್ಪಾ, ಚಳಿಗಾಲಕ್ಕೆ ಒಂದು ಕೋಟು ನೀನೇ ಹೊಲಿದುಕೊಡು" ಎಂದ. ನನ್ನ ಜೊತೆಯ ದರ್ಜಿಗಳು ಅವನನ್ನು ಕಂಡು ಅಂಗಡಿ ಬಾಗಿಲು ಹಾಕುತ್ತಿದ್ದ ಕಾಲ ಅದು. ಆದರೂ ನಾನು ಹಿಗ್ಗಿದೆ. ಅದು ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ.

ಕೊನೆಗೆ ಆ ಲೂಯಿ ಕಲ್ಲಿನ ಮೆಟ್ಟಿಲುಗಳ ಮೇಲೆ ಒಬ್ಬನೇ ನಿಂತ. ಎದುರಿಗೆ ಕಾರು ಬಂತು. ಅವನು ನಮ್ಮ ಕಡೆ ನೋಡಿದ, ಕೋಟಿನೊಳಗೆ ಕೈ ಹಾಕಿದ, ಬಿದ್ದ. ನನ್ನ ಕಣ್ಣು ಆ ಕೈಯ ಮೇಲೆಯೇ ಇತ್ತು. ಎಡಗಡೆಯ ಕೈ ಬಲಗಡೆಯ ಎದೆಗೆ ಹೋಯಿತು.

"ಎಡಗೈ" ಎಂದು ನಾನು ಎದ್ದು ನಿಂತೆ. "ನಿಂಫ, ಎಡಗೈ ಹಾಕಿದ. ಮಾತೆಯನ್ನ ಮುಟ್ಟಿದ."

"ಕೂತ್ಕೋ ಅಣ್ಣ. ನಿನ್ನ ಹಿಂದಿನವರಿಗೂ ಅವನು ಸಾಯೋದು ಕಾಣಬೇಕಲ್ಲ" ಎಂದಳು.

ಅಲ್ಲಿಂದ ನೇರವಾಗಿ ಇಲಾರಿಯೊ ಸ್ವಾಮಿಗಳ ಮನೆಗೆ ಹೋದೆ. ಅವರು ನನಗಿಂತ ಮೂವತ್ತು ವರ್ಷ ಚಿಕ್ಕವರು. ಕರಿಎಳ್ಳಿನ ಮೇಲೆ ಉಪ್ಪು ಬಿದ್ದಂತೆ ಆಗಷ್ಟೇ ಕೂದಲು ನರೆಯುತ್ತಿತ್ತು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು.

"ಗಾಸ್ಪರೆಯವರೇ, ಅವನು ನಟ. ಅದು ಕಥೆ."

"ಗೊತ್ತು ಸ್ವಾಮಿ. ನನಗೆ ಬುದ್ಧಿ ಕೆಟ್ಟಿಲ್ಲ. ಆದರೆ ಪಿಸ್ತೂಲು ತೆಗೆಯೋನು ಎಡಗೈ ಯಾಕೆ ಹಾಕ್ತಾನೆ? ಹೇಳಿಕೊಟ್ಟಿರಬೇಕಲ್ಲ ಯಾರಾದರೂ? ಬಾರ್ತೊಲೊ ಅವರಿಗೆ ಹೇಳಿದಾನೆ. ಆವಾಗ ಅವನಿಗೆ ನೆನಪು ಹಸಿಯಾಗಿತ್ತು, ಈಗ ಮರೆತಿದಾನೆ."

ಅವರು ಹಣೆಯನ್ನು ಉಜ್ಜಿಕೊಂಡರು. "ನೀವೇ ಅವತ್ತು ಪಿಸ್ತೂಲು ಅಂದಿರಿ. ನಾನು ಅದನ್ನೇ ಮೇಲಕ್ಕೆ, ಬಿಷಪ್‌ರಿಗೆ, ಬರೆದೆ. ಈಗ ಸಿನಿಮಾದಲ್ಲಿ ನೋಡಿದೆ ಅಂತ ಬರೆಯೋದು ಹೇಗೆ?"

"ನೀವೂ ಬಂದು ನೋಡಿ."

"ತಪಸ್ಸುಕಾಲದಲ್ಲಿ ಪಾದ್ರಿ ಗೂಂಡಾ ಪಿಕ್ಚರಿಗೆ ಹೋದ ಅಂದ್ರೆ ಭಾನುವಾರ ನನ್ನ ಪ್ರಸಂಗ ಕೇಳೋರು ಯಾರು?" ಎಂದರು. ಆದರೂ ಮಾರನೆಯ ಮಧ್ಯಾಹ್ನ ಮಫ್ಲರನ್ನು ಗಲ್ಲದವರೆಗೆ ಸುತ್ತಿಕೊಂಡು ಬಂದರು. ಟಿಕೆಟಿನ ಕಿಟಕಿಯಲ್ಲಿದ್ದ ಹೆಂಗಸು ಅವರಿಗೆ, "ಒಳಗೆ ಬನ್ನಿ ಫಾದರ್" ಎಂದಳು. ಮಫ್ಲರಿನಿಂದ ಏನೂ ಪ್ರಯೋಜನವಾಗಲಿಲ್ಲ.

ಕೊನೆಯ ದೃಶ್ಯ ಬಂತು. ಮೆಟ್ಟಿಲು, ಕಾರು, ಕೈ.

"ನೋಡಿದಿರಾ?" ಎಂದೆ.

"ನೋಡಿದೆ. ಬಲಗೈ" ಎಂದರು ಮೆಲ್ಲಗೆ.

"ಎಡಗೈ ಸ್ವಾಮಿ."

"ಬಲಗೈ, ಗಾಸ್ಪರೆಯವರೇ. ಎಡ ಎದೆಗೆ ಹೋಯಿತು."

ಮುಂದಿನ ಆಟಕ್ಕೂ ಅಲ್ಲಿಯೇ ಕುಳಿತೆವು. ಇನ್ನೊಮ್ಮೆ ಹರಕು ಕೋಟು, ಗೀಟಿನ ಸೂಟು, ಕೆನ್ನೆಗೆ ಪೆಟ್ಟು. ಇನ್ನೊಮ್ಮೆ ಲೂಯಿ ಸತ್ತ. ನನಗೆ ಎಡಗೈಯೇ ಕಂಡಿತು. ಅವರಿಗೆ ಬಲಗೈಯೇ ಕಂಡಿತು. ಒಂದೇ ಪರದೆಯಲ್ಲಿ ಇಬ್ಬರಿಗೆ ಎರಡು ಕೈ ಕಾಣುವುದೆಂದರೇನು? ದೇವರು ನನ್ನನ್ನು ಪರೀಕ್ಷಿಸುತ್ತಿದ್ದಾನೆಯೇ, ಇಲ್ಲ ಸೈತಾನನೇ ಎಂದು ತಿಳಿಯದೆ ಜಪಸರವನ್ನು ಹಿಡಿದುಕೊಂಡೆ.

ಹೊರಗಿನ ಮೊಗಸಾಲೆಗೆ ಬಂದ ಮೇಲೆ ಸ್ವಾಮಿಗಳು ನನಗೆ ಎದುರಾಗಿ ನಿಂತು ಕೈ ಎತ್ತಿದರು. "ಇದು ನನ್ನ ಯಾವ ಕೈ?"

"ಆಶೀರ್ವಾದ ಮಾಡೋ ಕೈ. ಬಲಗೈ."

"ಇದು ನಿಮ್ಮ ಯಾವ ಕಡೆ ಇದೆ?"

"ಎಡಗಡೆ."

"ಪರದೆಯ ಮೇಲೆ ಅವನ ಕೈ ಯಾವ ಕಡೆ ಇತ್ತು?"

"ನನ್ನ ಎಡಗಡೆ" ಎಂದೆ. ನಲವತ್ತು ವರ್ಷ ನಾನು ಮನುಷ್ಯರನ್ನು ನೋಡಿದ್ದು ಕನ್ನಡಿಯಲ್ಲಿ. ಅಲ್ಲಿ ಗಿರಾಕಿಯ ಎಡಗೈ ನನ್ನ ಎಡಕ್ಕೇ ಇರುತ್ತದೆ. ಕತ್ತಲಲ್ಲಿ ಆ ದೊಡ್ಡ ಚೌಕ ಬೆಳಗಿದಾಗ ನನ್ನ ಕಣ್ಣು ಅದನ್ನು ಅಂಗಡಿಯ ಕನ್ನಡಿಯೆಂದೇ ತಿಳಿಯಿತು. ಲೂಯಿ ನನ್ನ ಕನ್ನಡಿಯಲ್ಲಿ ನಿಂತ ಗಿರಾಕಿಯಾಗಿದ್ದ. ಬೇರೆ ಯಾರಾದರೂ ಈ ತಪ್ಪು ಮಾಡುತ್ತಿದ್ದರೋ ಇಲ್ಲವೋ, ಒಬ್ಬ ದರ್ಜಿ ಮಾಡಿದ.

"ಹಾಗಾದರೆ ಅವನು ಪಿಸ್ತೂಲಿಗೇ ಕೈ ಹಾಕಿದ" ಎಂದೆ.

"ಲೂಯಿ ಹಾಕಿದ" ಎಂದರು ಸ್ವಾಮಿಗಳು. "ನುನ್ಸಿಯೊ ವಿಷಯ ನಮಗೆ ಇನ್ನೂ ಗೊತ್ತಿಲ್ಲ."

ದಾರಿಯಲ್ಲಿ ಬಾರ್ತೊಲೊ ಅಂಗಡಿಯ ಮುಂದೆ ನಿಂತು, ಆ ಇಬ್ಬರು ಸಿನಿಮಾದವರೆಂದು ಅವರೇ ಹೇಳಿದರೇ ಎಂದು ಕೇಳಿದೆ. ಅವನು ಸೇಬುಗಳನ್ನು ಒರೆಸುತ್ತಾ, "ಹೇಳಲಿಲ್ಲ ಮೇಸ್ತ್ರಿ. ನನ್ನ ಹಣ್ಣಿನ ಡಬ್ಬಿಗಳ ಕೆಳಗೂ ಇಣುಕಿ ನೋಡಿದರು. ಸಿನಿಮಾದವರು ಇಲಿ ಇದೆಯಾ ಅಂತ ಯಾಕೆ ಕೇಳಿದರು ಅನ್ನೋದು ನನಗೂ ಆಮೇಲೆ ಅನ್ನಿಸಿತು" ಎಂದ.

ಮನೆಗೆ ಬಂದು ಮೇಜಿನ ಮೇಲೆ ತಲೆಯಿಟ್ಟು ಕುಳಿತೆ. ನಿಂಫ ಅವರೆಕಾಳಿನ ಸಾರನ್ನು ತಂದು ಮುಂದಿಟ್ಟಳು. ನಾನು ಮುಟ್ಟಲಿಲ್ಲ.

"ಅಣ್ಣ, ಊರೆಲ್ಲಾ ಸುತ್ತಿ ಪರದೆ ಮೇಲೆ ಹುಡುಕಿದೆ. ನಿನ್ನ ಕಾಲ ಹತ್ತಿರ ಇರೋದನ್ನ ಬಿಚ್ಚಲಿಲ್ಲ" ಎಂದಳು.

"ಅದರಲ್ಲಿ ಏನಿರುತ್ತೆ? ತೂತು ಇರುತ್ತೆ."

"ನೀನು ಬಿಚ್ಚದಿದ್ದರೆ ನಾನು ಬಿಚ್ತೀನಿ. ನಾನು ಅವನನ್ನ ಎತ್ತಿ ಆಡಿಸಿದೋಳು."

ನಾನೇ ಬಿಚ್ಚಿದೆ. ದಾರವನ್ನು ಕತ್ತರಿಸಲು ಮನಸ್ಸಾಗದೆ ಗಂಟು ಬಿಡಿಸಿದೆ. ಬೂದು ಬಣ್ಣದ ಉಣ್ಣೆ, ನಾನೇ ಆರಿಸಿದ್ದು. ಎದೆಯ ಭಾಗ ಗಟ್ಟಿಯಾಗಿ ಒಣಗಿತ್ತು. ಅದರ ಬಗ್ಗೆ ಹೆಚ್ಚು ಹೇಳಲಾರೆ. ಬಲಗಡೆಯ ಅಸ್ತರನ್ನು ಮೇಲೆತ್ತಿ ಬೆರಳಾಡಿಸಿದೆ. ಮಾತೆಯ ಬಟ್ಟೆ ಅಲ್ಲಿರಲಿಲ್ಲ. ನನ್ನ ಹೊಲಿಗೆಯನ್ನು ಯಾರೋ ಒಂದೊಂದಾಗಿ ಬಿಚ್ಚಿದ್ದರು. ಸೂಜಿಯ ಸಣ್ಣ ತೂತುಗಳು ಮಾತ್ರ ಚೌಕವಾಗಿ ಉಳಿದಿದ್ದವು.

"ಕಿತ್ತು ಬಿಸಾಕಿದಾನೆ" ಎಂದೆ. ಆ ಕ್ಷಣದಲ್ಲಿ ಅವನು ಎರಡನೆಯ ಸಲ ಸತ್ತ ಹಾಗಾಯಿತು.

ನಿಂಫ ಕೋಟನ್ನು ನನ್ನ ಕೈಯಿಂದ ತೆಗೆದುಕೊಂಡು ಇನ್ನೊಂದು ಬದಿಗೆ ತಿರುಗಿಸಿದಳು. ಚರ್ಮದ ಜೇಬಿನೊಳಗೆ ಕೈ ಹಾಕಿದಳು. ಅವಳ ಮುಖ ಬದಲಾಯಿತು.

"ಇಲ್ಲಿ ಮುಟ್ಟು" ಎಂದಳು.

ಜೇಬಿನ ಒಳಗೋಡೆಗೆ, ಎದೆಗೆ ತಾಗುವ ಬದಿಯಲ್ಲಿ, ಆ ಉಣ್ಣೆಯ ಚೂರನ್ನು ಹೊಲಿದಿತ್ತು. ಕಪ್ಪು ದಾರ, ಉದ್ದುದ್ದ ಹೊಲಿಗೆ, ಒಂದು ಮೇಲೆ ಒಂದು ಕೆಳಗೆ. ಆ ಹೊಲಿಗೆಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಒಂಬತ್ತು ವರ್ಷದವನಿದ್ದಾಗ ಅವನನ್ನು ಮೇಜಿನ ಪಕ್ಕದಲ್ಲಿ ಕೂರಿಸಿ, "ಇದು ಹೊಲಿಗೆಯಲ್ಲ, ಬೇಲಿ" ಎಂದು ಬೈದು ಬಿಚ್ಚಿಸುತ್ತಿದ್ದೆ.

ಪಿಸ್ತೂಲು ಇದ್ದ ಜೇಬಿನಲ್ಲೇ ಮಾತೆ. ಎರಡನ್ನೂ ಒಂದೇ ಕಡೆ ಇಟ್ಟಿದ್ದ.

"ಯಾಕೆ?" ಎಂದೆ.

"ಗುರಿ ತಪ್ಪದೆ ಇರಲಿ ಅಂತ ಇರಬೇಕು. ಮಾತೆಯನ್ನ ಪಿಸ್ತೂಲಿಗೆ ಕಾವಲು ಹಾಕಿದಾನೆ ನಿನ್ನ ಮಗ."

"ಇಲ್ಲ. ಪಿಸ್ತೂಲಿಗೆ ಕೈ ಹಾಕಿದಾಗಲೆಲ್ಲ ಮಾತೆ ಕೈಗೆ ತಗಲಿ, ಬೇಡ ಅನ್ನಲಿ ಅಂತ."

"ಅಷ್ಟು ಬುದ್ಧಿ ಇದ್ದಿದ್ದರೆ ಪಿಸ್ತೂಲನ್ನೇ ಬಿಡ್ತಿದ್ದ."

"ಬಿಡೋಕೆ ಆಗದೆ ಇದ್ದದ್ದಕ್ಕೇ ಹಾಗೆ ಮಾಡಿದಾನೆ."

"ಎದೆಯ ಹತ್ತಿರ ಇರಲಿ ಅಂತ ಇರಬಹುದು ಅಷ್ಟೇ" ಎಂದಳು. ಆಮೇಲೆ ಅಳುತ್ತಾ, "ನನಗೇನು ಗೊತ್ತು ಅಣ್ಣ" ಎಂದಳು.

ನನಗೂ ಗೊತ್ತಿರಲಿಲ್ಲ. ಈಗ ಬಲಗೈಯೋ ಎಡಗೈಯೋ ಎಂದು ಕೇಳಿ ಪ್ರಯೋಜನವೇ ಇಲ್ಲ. ಬಲಗೈ ಹೋಗಿದ್ದರೂ ಅದು ಹೋದ ಕಡೆ ಎರಡೂ ಇದ್ದವು. ಬಾರ್ತೊಲೊ ಕಿತ್ತಳೆ ಬುಟ್ಟಿಯ ಹಿಂದೆ ಅವಿಯದೆ ಎದುರಿಗೇ ನಿಂತು ನೋಡಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಕೋಟನ್ನು ಮಡಚಿಕೊಂಡು ಸ್ವಾಮಿಗಳ ಬಳಿಗೆ ಹೋದೆ. ಅವರು ಆ ಜೇಬಿನೊಳಗೆ ತಮ್ಮ ಕೈಯನ್ನೇ ಹಾಕಿ ನೋಡಿದರು. ತುಂಬ ಹೊತ್ತು ಕೈ ಹೊರಗೆ ತೆಗೆಯಲಿಲ್ಲ.

"ಇದರಿಂದ ಏನು ಹೇಳಬೇಕೋ ನನಗೆ ತಿಳೀತಿಲ್ಲ ಸ್ವಾಮಿ. ಗುರುತು ಸಿಕ್ಕಿತು ಅಂತ ಹೇಳೋಕೆ ಬಂದೋನಲ್ಲ ನಾನು. ಮೊದಲು ಪಿಸ್ತೂಲು ಅಂದೆ. ಆಮೇಲೆ ಮಾತೆ ಅಂದೆ. ಈಗ ಯಾವುದೂ ಅನ್ನೋಕೆ ಬರೋದಿಲ್ಲ."

"ಹಾಗೇ ಹೇಳಿ" ಎಂದರು.

"ಹೇಗೆ?"

ಅವರು ಕಾಗದ, ಮಸಿ ಮುಂದಿಟ್ಟುಕೊಂಡರು. "ಗಾಸ್ಪರೆಯವರೇ, ಅವತ್ತು ನೀವು ಖಚಿತವಾಗಿ ಹೇಳಿದಿರಿ. ನಾನು ಆ ಖಚಿತದ ಮೇಲೆ ಬಾಗಿಲು ಹಾಕಿದೆ. ಮೊನ್ನೆ ಇನ್ನೊಂದು ಖಚಿತ ತಂದಿರಿ, ಅದು ನಿಲ್ಲಲಿಲ್ಲ. ಚರ್ಚಿನ ಕಾನೂನು ಹೇಳೋದು ಬೇರೆ. ಸಂದೇಹ ಇದ್ದರೆ ಬಿಷಪ್‌ರನ್ನ ಕೇಳಬೇಕು. ಕೇಳಿದ ಮೇಲೂ ಸಂದೇಹ ಉಳಿದರೆ ಪ್ರಾರ್ಥನೆ ಕೊಡಬೇಕು. ಆಡಂಬರ ಇಲ್ಲದೆ, ಊರಿಗೆ ಇದು ಮೆರವಣಿಗೆ ಅನ್ನಿಸದ ಹಾಗೆ. ನಿಮಗೆ ಗೊತ್ತಿರೋದಷ್ಟನ್ನ ಹೇಳಿ, ನಾನು ಬರೀತೀನಿ."

ನಾನು ಹೇಳಿದೆ. ನನ್ನ ಮಗ ಕೋಟಿನೊಳಗೆ ಕೈ ಹಾಕಿದ. ಯಾತಕ್ಕೆ ಹಾಕಿದ ಎಂಬುದು ನನಗೆ ಗೊತ್ತಿಲ್ಲ. ಹಿಂದೆ ಗೊತ್ತು ಎಂದದ್ದು ಸುಳ್ಳು. ಅವರು ಅಷ್ಟನ್ನೇ ಬರೆದು ನನ್ನಿಂದ ರುಜು ಮಾಡಿಸಿದರು. ಕೋಟನ್ನೂ ಆ ಕಾಗದದ ಜೊತೆಗೆ ಕಳಿಸಿದರು.

ಪಾಸ್ಕ ಹಬ್ಬ ಕಳೆದು ಹದಿನೈದು ದಿನಕ್ಕೆ ಉತ್ತರ ಬಂತು. ಕೋಟೂ ಹಿಂದಿರುಗಿ ಬಂತು. ಬಿಷಪ್‌ರ ಕಡೆಯವರಿಗೂ ಏನೂ ತೀರ್ಮಾನಿಸಲು ಆಗಿರಲಿಲ್ಲ, ಹಾಗಾಗಿ ಪ್ರಾರ್ಥನೆಗೆ ಒಪ್ಪಿದ್ದರು. ಒಂದು ಗುರುವಾರ ಬೆಳಿಗ್ಗೆ, ಹೂವಿಲ್ಲದೆ, ಸಂಗೀತವಿಲ್ಲದೆ, ಚರ್ಚಿನ ಪಕ್ಕದ ಸಣ್ಣ ಪ್ರಾರ್ಥನಾಗೃಹದಲ್ಲಿ ಬಲಿಪೂಜೆ, ಅಂದರೆ ಅವನಿಗೆ ಸಿಗದೆ ಉಳಿದಿದ್ದ ಆ ಪ್ರಾರ್ಥನೆ, ಆಯಿತು. ಆಮೇಲೆ ಸ್ವಾಮಿಗಳು ಬೇಲಿಯಾಚೆಯ ಆ ನೆಲಕ್ಕೆ ಬಂದು ಸಮಾಧಿಯ ಮೇಲೆ ತೀರ್ಥ ಚಿಮುಕಿಸಿದರು. ನಾನು, ನಿಂಫ, ದೂರದಲ್ಲಿ ಟೋಪಿ ಕೈಯಲ್ಲಿ ಹಿಡಿದ ಬಾರ್ತೊಲೊ, ಇಷ್ಟೇ ಜನ. ನನ್ನ ಮಗ ಎಲ್ಲಿದ್ದಾನೆಂದು ನನಗೆ ತಿಳಿಯದು. ತಿಳಿದವನ ಕೈಗೆ ಒಪ್ಪಿಸಿದೆ.

ಮಧ್ಯಾಹ್ನ ಅಂಗಡಿಗೆ ಬಂದು ಕನ್ನಡಿಯ ಮೇಲಿನ ಬಟ್ಟೆಯನ್ನು ತೆಗೆದೆ. ಅಂಚಿನಲ್ಲಿ ಧೂಳು ಕೂತಿತ್ತು, ನಿಂಫ ಒರೆಸಿದಳು. ಹಬ್ಬ ಕಳೆದರೂ ಮುಗಿಯದಿದ್ದ ವೇಸ್ಟ್‌ಕೋಟನ್ನು ತೊಟ್ಟುಕೊಂಡು ಬಾರ್ತೊಲೊ ಅದರ ಮುಂದೆ ನಿಂತ. ತನ್ನನ್ನು ತಾನೇ ಮೇಲಿಂದ ಕೆಳಗೆ ನೋಡಿಕೊಂಡ.

"ಈ ಹೊಟ್ಟೆ ಯಾವಾಗ ಬಂತು ಮೇಸ್ತ್ರಿ? ಕನ್ನಡಿ ಮುಚ್ಚೋಕೆ ಮೊದಲು ಇರಲಿಲ್ಲ."

"ಇತ್ತು. ನಿಂಗೆ ಕಾಣ್ತಿರಲಿಲ್ಲ ಅಷ್ಟೆ" ಎಂದಳು ನಿಂಫ.

"ಎಡಗಡೆ ಸ್ವಲ್ಪ ಸಡಿಲ ಬಿಡಬೇಕು" ಎಂದು ನಾನು ಸೀಮೆಸುಣ್ಣ ತೆಗೆದುಕೊಂಡೆ. ಗೆರೆ ಎಳೆಯುವ ಮುನ್ನ ಕನ್ನಡಿಯಿಂದ ಕಣ್ಣು ತೆಗೆದು, ಅವನ ಎಡ ಭುಜವನ್ನು ಕೈಯಿಂದ ಮುಟ್ಟಿ, "ಇದು ಎಡಗಡೆ ತಾನೇ?" ಎಂದು ಕೇಳಿದೆ.

ಬಾರ್ತೊಲೊ ಒಂದು ಕ್ಷಣ ಯೋಚಿಸಿ, "ಅನ್ಸುತ್ತೆ ಮೇಸ್ತ್ರಿ" ಎಂದ.